ಬೀರಣ್ಣನ ಕಾಲಿನ ಗಂಟು

ಮುನವಳ್ಳಿ, 1909

ಬೀರಣ್ಣಾ,

ನಿನ್ನ ಕಾಲಿನ ಗಂಟಿನ ಬಗ್ಗೆ ಮುಂಬಯಿಯಿಂದ ಇಂದು ಉತ್ತರ ಬಂತು. ಸವದತ್ತಿ ದವಾಖಾನೆಯ ಡಾಕ್ಟರು ಅಲ್ಲಿಗೆ ಪರೀಕ್ಷೆಗೆ ಕಳಿಸಲೆಂದು ಚರ್ಮಸಮೇತ ಒಂದು ಚೂರು ಕತ್ತರಿಸಿ ಸ್ಪಿರಿಟಿನ ಶೀಶೆಗೆ ಹಾಕಿದಾಗ, "ನನಗಿಂತ ಮೊದಲ ನನ್ನ ತೊಗಲ ಮುಂಬೈ ನೋಡತೈತಿ" ಎಂದು ನಕ್ಕಿದ್ದೆಯಲ್ಲ. ಉತ್ತರ ಬರುವುದರೊಳಗೆ ನಿನ್ನನ್ನು ಮಣ್ಣು ಮಾಡಿ ಆಗಿತ್ತು.

ಸವದತ್ತಿಗೆ ಕರೆಸಿ ಡಾಕ್ಟರೇ ಹೇಳಿದರು. ನಾವೆಲ್ಲ ತಿಳಿದಂತೆ ಅದು ನಾರುಹುಣ್ಣಲ್ಲ, ತಾನಾಗಿ ಹೊರಬರುವ ಹುಳ ಒಳಗೆ ಇರಲೇ ಇಲ್ಲ. ಚರ್ಮದಡಿಯ ಮೆತ್ತನೆಯ ಮಾಂಸದಲ್ಲಿ ಹುಟ್ಟುವ, ಬಲು ಅಪರೂಪದ ಗಡ್ಡೆ. ಸೂಕ್ಷ್ಮದರ್ಶಕದಲ್ಲಿ ನೋಡದೆ ಖಚಿತವಾಗಿ ಹೇಳಲು ಬರುವುದಿಲ್ಲವಂತೆ.

"ಸಣ್ಣದಿದ್ದಾಗ ತಂದಿದ್ರ ಕೊಯ್ದು ತಗೀಬಹುದಿತ್ತೇನ್ರಿ?" ಎಂದು ಕೇಳಿದೆ. ಅವರು ಕೈ ತೊಳೆಯಲು ಎದ್ದರು.

ಅವ್ವ ಸರಿಯಾಗಿ ಉಣ್ಣುತ್ತಿಲ್ಲ. ಹುಣ್ಣಿನಿಂದ ಬಂದ ಎಳೆಯನ್ನು ನಾರುಹುಳವೆಂದು ಕಡ್ಡಿಗೆ ಸುತ್ತಿ ಎಳೆಯುವಾಗ ಅದು ಅವಳ ಕೈಯಲ್ಲಿ ಹರಿದಿತ್ತು. ಹುಳ ಒಳಗೇ ಸತ್ತು ವಿಷವಾಯಿತು, ಮಗನನ್ನು ತಾನೇ ಕೊಂದೆ ಎಂದು ನಂಬಿದ್ದಾಳೆ. ಆ ಭಾರ ಇಳಿಯಲೆಂದು ಮನೆಗೆ ಬಂದವನೇ ಹೇಳಿದೆ.

"ಯವ್ವಾ, ಹುಳ ಇರಲೇ ಇಲ್ಲಂತ. ನೀ ಎಳದದ್ದು ಬರೇ ಕೀವಿನ ಎಳಿ. ನಿನ್ನ ಕೈಯಿಂದ ಏನೂ ಆಗಿಲ್ಲ."

ಅವ್ವ ನನ್ನ ಮುಖವನ್ನೇ ನೋಡಿದಳು.

"ಹಂಗಾರ ದವಾಖಾನಿಗೆ ಒಯ್ರಿ ಅಂತ ಅಂವ ಬಡಕೊಂಡಾಗ, ವರ್ಷಾನಗಟ್ಲೆ ನಾವು ಏನ ಹೊರಗ ಬರತೈತಿ ಅಂತ ಕಾಯ್ಕೋತ ಕುಂತಿದ್ವಿ, ತಮ್ಮಾ?"

ನಿನ್ನೆಯವರೆಗೆ ಅರ್ಧ ರೊಟ್ಟಿಯನ್ನಾದರೂ ತಿನ್ನುತ್ತಿದ್ದಳು. ಇವತ್ತು ಅದನ್ನೂ ಮುಟ್ಟಲಿಲ್ಲ.

ನಿನ್ನ ತಮ್ಮ,
ಮಾಳಪ್ಪ