ಡ್ರ್ಯಾಗನ್ ಬೆಟ್ಟಕ್ಕೆ ನನ್ನ ವೋಟಿಲ್ಲ

೧೪ ಜೂನ್, ಶನಿವಾರ

ಇನ್ನೂ ಹೊಟ್ಟೆ ಉರೀತಿದೆ. ವಿದೇಶದ ಥೀಮ್ ಪಾರ್ಕಿನಲ್ಲಿ ಯಾವ ಸಿನಿಮಾ ಸರಣಿಗೆ ಹೊಸ ಲೋಕ ಕಟ್ಟಬೇಕು ಅಂತ ನಮ್ಮ ಅಭಿಮಾನಿಗಳ ಗ್ರೂಪಿನಲ್ಲಿ ತಿಂಗಳಿಂದ ಜಗಳ. ಡ್ರ್ಯಾಗನ್ ಸರಣಿಯ ಲೋಕಕ್ಕೆ, ನಡುವೆ ಡ್ರ್ಯಾಗನ್ ಬೆಟ್ಟ ಇಟ್ಟು, ನಕ್ಷೆ ಬರೆದುಕೊಟ್ಟವನು ನಾನು. "ಬೆಟ್ಟ ಅಂದ್ರೆ ಇದು ಗುರೂ" ಅಂತ ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಇವತ್ತು ವೋಟಿಂಗ್. ಅಡ್ಮಿನ್ ರಾಹುಲ್ ಬೆಳಿಗ್ಗೆ ಹೊಸ ರೂಲ್ ತಂದ: ಪಾರ್ಕಿಗೆ ಹೋದ ಟಿಕೆಟ್ಟಿನ ಫೋಟೋ ಹಾಕಿದವರಿಗೆ ಮಾತ್ರ ವೋಟು. "ಕಣ್ಣಾರೆ ನೋಡದವರಿಗೆ ಏನು ಗೊತ್ತಾಗುತ್ತೆ ಮಧು?" ಅಂತ ನನ್ನನ್ನೇ ಕೇಳಿದ.

ನಾನು ಪಾಸ್‌ಪೋರ್ಟೇ ಮಾಡಿಸಿಲ್ಲ. ಒಬ್ಬನಾದರೂ ನನ್ನ ಪರ ಬಾಯಿ ಬಿಡಬೇಕಿತ್ತಲ್ಲ! ತಂಗಿ ಹಂಸಿನಿ ಬೇರೆ, "ಬಿಡಣ್ಣ, ಸಿನಿಮಾ ತಾನೇ" ಅಂದಳು.

ಸಂಜೆ ನನ್ನ ನಕ್ಷೆಯೇ ಗೆದ್ದಿತು. ಅದರಲ್ಲಿರುವುದು ನಮ್ಮ ಹಿತ್ತಲಿಂದ ಕಾಣುವ ಗಾಳಿಬೀಡಿನ ಬೆಟ್ಟ. ಅವರಲ್ಲಿ ಒಬ್ಬನೂ ಅದನ್ನು ಕಣ್ಣಾರೆ ನೋಡಿಲ್ಲ.