ಹೊಸ ಕ್ಯಾಮೆರಾದ ಬೋಣಿ

ಚಿಕ್ಕೋಡಿ ಬಸ್ ನಿಲ್ದಾಣ
ಮಂಗಳವಾರ, ೧೭ ಫೆಬ್ರವರಿ ೨೦೨೬, ಬೆಳಿಗ್ಗೆ ಹನ್ನೊಂದು

ಚಿ. ಸೌ. ಉಜ್ವಲಾಗೆ ನಿನ್ನ ಅಪ್ಪ ಬಸವಂತನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಎರಡು ವರ್ಷ ನಿನಗೊಂದು ಸಾಲೂ ಬರೆಯದವನು ಇವತ್ತು ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಭಾನುವಾರ ತೆಗೆದ ಫೋಟೊಗಳನ್ನು ಸೋಮವಾರವೇ ಪ್ರಿಂಟ್ ಹಾಕಿ ಕಳಿಸುತ್ತೇನೆ ಅಂದಿದ್ದೆ. ಅದೂ ಆಗಲಿಲ್ಲ, ಇನ್ನು ಆಗುವುದೂ ಇಲ್ಲ. ಯಾಕೆಂದು ಹೇಳುತ್ತೇನೆ, ಗಾಬರಿಯಾಗದೆ ಓದು. ನನಗಂತೂ ಗಾಬರಿಯಾಗಿದೆ, ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತದೆ.

ಕಾಗದ ತರುತ್ತಿರುವ ನಿನ್ನ ದೊಡ್ಡವ್ವ, ನಿಮ್ಮವ್ವನ ಅಕ್ಕ ಸಾವಕ್ಕನ ಕೈಯಲ್ಲಿ ಒಂದು ಡಬ್ಬಿ ಇದೆ. ಅದರಲ್ಲಿ ಬಾಣಂತಿಗೆಂದು ನಿಮ್ಮವ್ವ ಮಾಡಿದ ಅಂಟಿನ ಉಂಡಿ. ಒಣಕೊಬ್ಬರಿ ಕಡಿಮೆ ಬಿತ್ತು ಎಂದು ಎರಡು ಸಲ ಹೇಳಿ ಕಳಿಸಿದ್ದಾಳೆ. ಈ ಗಾಬರಿಯ ವಿಷಯ ಅವಳಿಗೆ ನಾನು ತಿಳಿಸಿಲ್ಲ. ನಿನ್ನ ಗಂಡ ಸುಧೀರ ತನ್ನ ನಂಬರ್ ನನಗೆ ಕೊಡಲಿಲ್ಲ, ಸರಿಯೇ ಮಾಡಿದ. ನಾನೇ ಬರೋಣವೆಂದರೆ ಯಾರಾದರೂ ಹಿಂದೆ ಬಂದಾರು ಎಂಬ ಹೆದರಿಕೆ. ಬಾಡಿಗೆ ಗಾಡಿ ಮಾಡೋಣವೆಂದರೆ ನಮ್ಮ ಏಕಸಂಬಿಯ ಡ್ರೈವರುಗಳೆಲ್ಲ ನಿನ್ನ ದೊಡ್ಡಪ್ಪನ ಕಡೆಯವರೇ. ಫೋನನ್ನು ಅಂಗಡಿಯಲ್ಲೇ ಬಿಟ್ಟು ಬಂದು ಈ ಬೆಂಚಿನ ಮೇಲೆ ಕುಳಿತಿದ್ದೇನೆ. ಪಕ್ಕದಲ್ಲಿ ಸಾವಕ್ಕ, “ಲಗೂನ ಬರೀರಿ, ಬಸ್ ಬಿಡತೈತಿ” ಅನ್ನುತ್ತಿದ್ದಾಳೆ.

ಎಲ್ಲ ಆ ಕ್ಯಾಮೆರಾದಿಂದ ಆದದ್ದು. ನಿಪ್ಪಾಣಿಯ ಕ್ಯಾಮೆರಾ ವ್ಯಾಪಾರಿ, “ಹದಿನೈದ ದಿನಾ ಬಳಸಿ ನೋಡ್ರಿ ಬಸವಂತಣ್ಣಾ, ಮದವಿ ಸೀಜನ್‌ಗೆ ನಡೀತೈತೋ ಇಲ್ಲೋ ಬರದ ಕೊಡ್ರಿ” ಎಂದು ಕೊಟ್ಟಿದ್ದ. ಮುಂದಿನಿಂದ ನೋಡಿದರೆ ನಮ್ಮ ಮಾಮೂಲಿ ಮಿರರ್‌ಲೆಸ್ ಕ್ಯಾಮೆರಾ, ಲೆನ್ಸ್ ಬದಲಿಸಬಹುದು. ಹಿಂದಿನಿಂದ ನೋಡಿದರೆ ಪೂರಾ ಫೋನು: ಅದೇ ಪರದೆ, ಅದೇ ಆ್ಯಪುಗಳು, ಸಿಮ್ ಹಾಕಲು ಜಾಗ, ನಾನೂ ಒಂದು ಹಾಕಿದ್ದೆ. ಕಣ್ಣಿನ ಮೇಲೆ ಫೋಕಸ್ ಹಿಡಿದರೆ ಬಿಡುವುದಿಲ್ಲ. ಮಂದ ಬೆಳಕಿನಲ್ಲೂ ಬಣ್ಣ ಚೆನ್ನಾಗಿ ಬರುತ್ತದೆ. ಆದರೆ ಬೇಗ ಬಿಸಿಯಾಗುತ್ತದೆ, ಮಧ್ಯಾಹ್ನಕ್ಕೆ ಬ್ಯಾಟರಿ ಖಾಲಿ. ಶುಕ್ರವಾರ ಕರೋಶಿಯ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಅಪ್‌ಡೇಟ್ ಕೇಳುತ್ತ ನಿಂತಿತು. ಮದುಮಗಳಿಗೆ ಸ್ವಲ್ಪ ತಡಿ ಅನ್ನಲಾದೀತೇ? ಪುಣ್ಯಕ್ಕೆ ಹಳೆಯ ಕ್ಯಾಮೆರಾ ಕೊರಳಲ್ಲಿತ್ತು.

ಇಷ್ಟನ್ನೇ ಬರೆದು ವಾಪಸು ಕೊಟ್ಟಿದ್ದರೆ ಆಗುತ್ತಿತ್ತು. ಆದರೆ ನನ್ನ ಪದ್ಧತಿ ನಿನಗೆ ಗೊತ್ತಲ್ಲ. ನೀನು ಹುಟ್ಟಿದಾಗಿನಿಂದ ಯಾವ ಹೊಸ ಕ್ಯಾಮೆರಾ ಬಂದರೂ ಬೋಣಿಯ ಮೊದಲ ಚಿತ್ರ ನಿನ್ನ ಮುಖದ್ದೇ. ಬಾಗಿಲಲ್ಲಿ ನಿಲ್ಲಿಸಿ ಅರ್ಧ ಬೆಳಕು, ಅರ್ಧ ನೆರಳು. ನಿನ್ನ ಕೆನ್ನೆಯ ಬಣ್ಣ ಸರಿಯಾಗಿ ಬಂದರೆ ಆ ಕ್ಯಾಮೆರಾ ಪಾಸು. ಮೊದಲ ದಿನ ಹೂಕುಂಡ ತೆಗೆದೆ, ಗೋಡೆ ತೆಗೆದೆ, ಸಮಾಧಾನವಾಗಲಿಲ್ಲ. ನೀನು ಹೆತ್ತು ಒಂಬತ್ತು ದಿನವಾಗಿದೆ ಎಂದು ಸಾವಕ್ಕ ಕಿವಿಯಲ್ಲಿ ಹೇಳಿದ್ದೇ ತಡ, ದ್ರಾಕ್ಷಿ ತೋಟದ ಫೋಟೊ ತೆಗೆಯಬೇಕು ಎಂದು ಮನೆಯಲ್ಲಿ ಸುಳ್ಳು ಹೇಳಿ ಅವಳ ಹಿಂದೆ ಕಾಗವಾಡಕ್ಕೆ ಬಂದುಬಿಟ್ಟೆ. ತೋಟದ ಮೂಲೆಯ ಆ ತಗಡಿನ ಮನೆಯಲ್ಲಿ ನೀನು ಮಗುವನ್ನು ಎತ್ತಿಕೊಂಡು, “ಅಪ್ಪಾ, ಮೊದಲಿನಂಗ ಬಾಗಲದಾಗ ನಿಂದರ್ಲೇನು?” ಅಂದಾಗ ಕಣ್ಣು ಮಂಜಾಯಿತು. ಕ್ಯಾಮೆರಾ ತಾನೇ ಫೋಕಸ್ ಮಾಡಿತು.

ಅದನ್ನು ಮೊದಲು ಚಾಲೂ ಮಾಡಿದಾಗ ಐಡಿ ಕೇಳಿತ್ತು. ನನಗೆ ಬಾಯಿಪಾಠ ಇರುವುದು ಅಂಗಡಿಯ ಐಡಿ ಒಂದೇ, ಅದನ್ನೇ ಹಾಕಿದ್ದೆ. ನಮ್ಮ ಕಂಪ್ಯೂಟರಿಗೂ ಅದೇ ಐಡಿ, ನಮ್ಮಲ್ಲಿ ಕೂತು ಅಲ್ಬಮ್ ಮಾಡುವ ನಿನ್ನ ದೊಡ್ಡಪ್ಪನ ಮಗ ನಿಖಿಲನ ಫೋನಿಗೂ ಅದೇ. ಕ್ಯಾಮೆರಾ ತೆಗೆದ ಚಿತ್ರವನ್ನು ಯಾರೂ ಹೇಳದೆ ತಾನೇ ಅವೆರಡಕ್ಕೂ ಕಳಿಸುತ್ತದೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ನಿನ್ನೆ ಅಂಗಡಿಗೆ ಹೋಗುವಷ್ಟರಲ್ಲಿ ನಿಖಿಲ ಬಂದು ಕೂತಿದ್ದ. ಅವನು ಚಹಾ ತರಲು ಹೋದಾಗ ಕಂಪ್ಯೂಟರಿನಲ್ಲಿ ನೋಡಿದೆ. ನಿನ್ನ ಚಿಕ್ಕಂದಿನ ಬೋಣಿ ಚಿತ್ರಗಳೆಲ್ಲ ಒಂದೇ ಕಡೆ ಗುಂಪಾಗಿದ್ದವು, ಮೇಲೆ ನಿನ್ನ ಹೆಸರು. ಕೊನೆಯಲ್ಲಿ ಭಾನುವಾರದ ಮೂರು. ಮುಖ ನೋಡಿ ಅದೇ ಗುರುತು ಹಿಡಿದು ಸೇರಿಸಿತ್ತು. ಕೆಳಗೆ ನಕಾಶೆ, ತೋಟದ ಮೂಲೆಯ ಮೇಲೆ ಒಂದು ಕೆಂಪು ಚುಕ್ಕಿ. ಮೂರನ್ನೂ ಅಳಿಸಿದೆ. ನಿಖಿಲ ಚಹಾ ಮುಂದಿಟ್ಟು, ನನ್ನ ಮುಖ ನೋಡದೆ ಕೇಳಿದ, “ಕಾಕಾ, ಕಾಗವಾಡ ಕಡೆ ಯಾರದರ ಆರ್ಡರ್ ಇತ್ತೇನ್ರಿ?”

“ದ್ರಾಕ್ಷಿ ತೋಟದ ಫೋಟೊ ತಗದ್ನಿ, ಟೆಸ್ಟಿಂಗ್‌ಗೆ” ಅಂದೆ. ಅವನು ಹೂಂ ಅಂದ, ಅಷ್ಟೇ.

ಇವತ್ತು ಅವನು ಅಂಗಡಿಗೆ ಬಂದಿಲ್ಲ. ಫೋನೂ ಹತ್ತುತ್ತಿಲ್ಲ. ಬರುವಾಗ ನಿನ್ನ ದೊಡ್ಡಪ್ಪನ ಮನೆ ಮುಂದೆ ಹಾದು ಬಂದೆ. ಜೀಪು ಅಲ್ಲೇ ಇತ್ತು, ತೊಳೆಯುತ್ತಿದ್ದರು. ಏನೂ ಇರಲಿಕ್ಕಿಲ್ಲ ಎಂದು ನನಗೆ ನಾನೇ ಹತ್ತು ಸಲ ಹೇಳಿಕೊಂಡೆ. ಆದರೆ ನೀನು ಬೇರೆ ಜಾತಿಯವನ ಜೊತೆ ಹೋದ ದಿನ ನಿನ್ನ ದೊಡ್ಡಪ್ಪ ಭಾವುಸಾಹೇಬಣ್ಣ, “ಸಿಕ್ಕ ದಿನ ಇಬ್ಬರನೂ ಮುಗಸ್ತೇನಿ, ತಮ್ಮನ ಮಗಳಂತ ನೋಡಂಗಿಲ್ಲ” ಅಂದದ್ದು ಕಿವಿಯಲ್ಲೇ ಇದೆ.

ಓದಿದ ಕೂಡಲೇ ಹೊರಡು ತಾಯಿ. ಹಸಿ ಬಾಣಂತಿ, ಬಸ್ಸಿನ ಕುಲುಕಾಟ ಆಗುವುದಿಲ್ಲ ಎಂದು ಗೊತ್ತು. ತೋಟದ ಮಾಲೀಕರಿಗೆ ಸುಧೀರ ನಿಜ ಹೇಳಿ ಅವರ ಕಾರು ಕೇಳಲಿ. ಮೊದಲು ಪೊಲೀಸ್ ಠಾಣೆಗೆ ಹೋಗಿ ಅರ್ಜಿ ಕೊಡಿ, ಅದರಲ್ಲಿ ನನ್ನ ಅಣ್ಣನ ಹೆಸರು ಬರೆಯಿರಿ. ಸಾಕ್ಷಿ ಬೇಕೆಂದರೆ ನನ್ನ ಹೆಸರನ್ನೂ ಬರೆಯಿರಿ, ಬರುತ್ತೇನೆ. ಆಮೇಲೆ ಎಲ್ಲಿಗೆ ಹೋಗುತ್ತೀರೆಂದು ನನಗಾಗಲಿ ಸಾವಕ್ಕನಿಗಾಗಲಿ ಹೇಳಬೇಡಿ. ಮಗುವಿಗೆ ಏನು ಹೆಸರಿಟ್ಟಿರಿ ಎಂದೂ ತಿಳಿಸಬೇಡ.

ಕ್ಯಾಮೆರಾವನ್ನು ಮಧ್ಯಾಹ್ನ ನಿಪ್ಪಾಣಿಗೆ ವಾಪಸು ಒಯ್ಯುತ್ತೇನೆ. ಕೂಸನ್ನು ಬೆಚ್ಚಗೆ ಸುತ್ತಿಕೋ, ನೀನೂ ಕಿವಿಗೆ ಅರಿವೆ ಕಟ್ಟಿಕೋ. ನೀವು ಮೂವರೂ ನೂರು ವರ್ಷ ಬಾಳಿ.

ಇಂತಿ ನಿನ್ನ ಅಪ್ಪ,
ಬಸವಂತ

ತಾ.ಕ.: ಇದನ್ನು ನಿಮ್ಮವ್ವನಿಗೂ ಹೇಳಿಲ್ಲ. ನೀನು ಹೋದ ಮೂರನೇ ದಿನ ದೊಡ್ಡಪ್ಪ ಅಂಗಡಿಗೆ ಬಂದು, ಹುಡುಕಲು ನಿನ್ನ ಫೋಟೊ ಕೇಳಿದ. ಯಾಕೆ ಹುಡುಕುತ್ತಿದ್ದಾನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೋಣಿಯ ಚಿತ್ರಗಳಲ್ಲಿ ಮುಖ ಅತಿ ಸ್ಪಷ್ಟವಾಗಿದ್ದದ್ದನ್ನು ನಾನೇ ಆರಿಸಿ, ಹನ್ನೆರಡು ಪ್ರತಿ ತೆಗೆದು ಅವನ ಕೈಗೆ ಕೊಟ್ಟೆ. ಸಿಟ್ಟಿನಲ್ಲಿದ್ದೆ, ನೀನು ಸಿಗಲಿ ಎಂದೇ ಕೊಟ್ಟೆ. ಭಾನುವಾರ ನೀನು ಕೂಸನ್ನು ನನ್ನ ಕೈಗೆ ಕೊಟ್ಟಾಗ ಹೇಳಿಬಿಡಬೇಕು ಅಂದುಕೊಂಡೆ, ಬಾಯಿ ಬರಲಿಲ್ಲ.