ಪುಢಾರಿಗಳ ಹೊಟ್ಟೆ ಸುತ್ತಿದ ಸಾಲುಗಳು

ಕಾಕಾ,

ನಿಮ್ಮ ಮುಂದೆ ಹೇಳದೆ ಇನ್ಯಾರ ಮುಂದೆ ಹೇಳಲಿ? ನನಗೆ ಹೇಸಿಗೆ ಬಂದುಹೋಗಿದೆ. ನೀವು ತೀರಿಕೊಂಡ ಮೇಲೆ ಬನಹಟ್ಟಿಯ ನಿಮ್ಮ ಡಿಟಿಪಿ ಅಂಗಡಿಯನ್ನು ನಾನೇ ನಡೆಸುತ್ತಿದ್ದೇನೆ. ನೇಕಾರರ ಸಂಘದವರು ಬಂದು, ಸ್ಮರಣ ಸಂಚಿಕೆಯಲ್ಲಿ ನಿಮ್ಮದೊಂದು ಪುಟ ಇರಲಿ ಎಂದಾಗ ಖುಷಿಯಿಂದ ಕುಣಿದವಳೂ ನಾನೇ. ಹುಚ್ಚಿ!

ನನಗೆ ಕೆಲಸ ಕಲಿಸಿದ ದಿನ ನೆನಪಿದೆಯೇ? ಫೋಟೋದ ಸುತ್ತ ಅಕ್ಷರ ಹರಿಸುವಾಗ ಸಾಲುಗಳನ್ನು ಮೂಗಿಗೇ ತಾಗಿಸಿದ್ದೆ. "ಸೀರಿಗೆ ದಡಿ ಇರತೈತಿಲ್ಲ, ಹಂಗ ಫೋಟೋಕ್ಕೂ ಒಂದೀಟು ಜಾಗಾ ಬಿಡವಾ" ಎಂದಿದ್ದಿರಿ. ನಿಮ್ಮ ಪುಟಕ್ಕೂ ಹಾಗೇ ಬಿಟ್ಟೆ. ನಡುವೆ ನೀವು, ಸುತ್ತ ನಿಮ್ಮ ಬದುಕು. ಎಷ್ಟು ಛಂದ ಕೂತಿತ್ತು...

ಅಷ್ಟರಲ್ಲಿ ಅಧ್ಯಕ್ಷರು ಬಂದು ತಮ್ಮ ಫೋಟೋನೂ ಅದೇ ಪುಟದಲ್ಲಿ ಬೇಕೆಂದರು. ಅವರ ಹಿಂದೆ ಉಪಾಧ್ಯಕ್ಷರು, ಅವರ ಹಿಂದೆ ಅವರ ಅಳಿಯ. ಎಲ್ಲರೂ ಕೈಮುಗಿದು, ಹಲ್ಲು ಕಿರಿದು, ಹೊಟ್ಟೆಯವರೆಗಿನ ಫೋಟೋ ತಂದವರೇ. ಸತ್ತವರ ಪುಟದಲ್ಲಿ ಮೆರೆಯುವವರಿಗೆ ಏನನ್ನಬೇಕು? ಥೂ! ನಿಮ್ಮ ಬದುಕು ಅವರ ಹೊಟ್ಟೆಗಳ ಸಂದಿಯಲ್ಲಿ ಸಾಲಿಗೊಂದು ಪದವಾಗಿ ನುಸುಳಿತು. ಕೊನೆಯ ಸಾಲುಗಳಿಗೆ ಜಾಗ ಸಾಲಲಿಲ್ಲ ಎಂದು ಕಂಪ್ಯೂಟರ್ ಮೂಲೆಯಲ್ಲಿ ಕೆಂಪು ಗುರುತು ತೋರಿಸಿತು. ನಮ್ಮ ಕಾಕಿ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಮನೆ ನಡೆಸಿದ್ದರಿಂದಲೇ ನೀವು ಈ ಅಂಗಡಿ ತೆರೆದಿರಿ ಎಂದು ಅವರ ಹೆಸರು ಹಾಕಿ ನಾನು ಬರೆದಿದ್ದ ಸಾಲುಗಳು ಅವು. ಅಧ್ಯಕ್ಷರಿಗೆ ತೋರಿಸಿದೆ. ಬಾಯಲ್ಲಿ ಗುಟ್ಕಾ ಇಟ್ಟುಕೊಂಡೇ, "ಅದನ್ನ ಯಾರ ಓದತಾರ, ತಗದ ಒಗಿ" ಎಂದರು.

ಪ್ರಿಂಟ್ ತೆಗೆದು ಕಾಕಿಗೆ ಒಯ್ದೆ. ಬೆರಳಿಟ್ಟು ಓದುವ ಅಭ್ಯಾಸ ಅವರದು. ಸಾಲುಸಾಲಿಗೂ ಬೆರಳು ಯಾರದೋ ಹೊಟ್ಟೆಗೆ ಬಡಿದು ನಿಂತಿತು. ಹೊರಗುಳಿದ ಸಾಲುಗಳ ಮಾತು ನಾನು ಎತ್ತಲೇ ಇಲ್ಲ. ಕಾಕಿ ಹಾಳೆ ಮಡಚಿ ನನ್ನ ಕೈಗಿಟ್ಟರು. "ಇವರ ಹೊಟ್ಟಿ ಸುತ್ತ ನಮ್ಮವರು ತಿರಗೂದು ಬ್ಯಾಡವಾ. ಇವರ ಪುಸ್ತಕದಾಗಿಂದ ಅವರನ್ನ ತಗೀ."

ತೆಗೆದೆ. ಸಂಚಿಕೆ ಬಂತು ಕಾಕಾ, ಅದರಲ್ಲಿ ನೀವಿಲ್ಲ. ಆ ಪುಟದಲ್ಲಿ ಈಗ ಬರೀ ಹೊಟ್ಟೆಗಳು. ನೀವಿಲ್ಲ ಎಂಬುದು ಸಂಘದಲ್ಲಿ ಒಬ್ಬರಿಗೂ ಇವತ್ತಿನವರೆಗೆ ಗೊತ್ತಾಗಿಲ್ಲ, ಅಂಥ ನಾಚಿಕೆಗೇಡಿಗಳು.

ನಿಮ್ಮ ಪುಟವನ್ನು ನಾನೇ ಬೇರೆಯಾಗಿ ಅಚ್ಚು ಹಾಕಿಸಿ ಓಣಿಗೆಲ್ಲ ಹಂಚಿದೆ, ಒಂದು ಸಾಲೂ ಬಿಡದೆ. ಕಾಕಿ ಕೊನೆಯವರೆಗೆ ಓದಿದರು. ತಮ್ಮ ಹೆಸರಿನ ಮೇಲೆ ಬೆರಳನ್ನು ಇನ್ನೊಮ್ಮೆ ಆಡಿಸಿದರು. ಆಮೇಲೆ ಮೆಲ್ಲಗೆ ಕೇಳಿದರು: "ಇದು ಅವರು ಹೇಳಿದ್ದೋ, ನೀ ಬರದದ್ದೋ?"

ನೀವೇ ಹೇಳಿದ್ದು ಎಂದೆ. ನೀವು ಒಂದು ದಿನವೂ ಹೇಳಿರಲಿಲ್ಲ ಕಾಕಾ. ಅವರು ಇನ್ನೆಷ್ಟು ಸಲ ಕೇಳಿದರೂ ನಾನು ಹಾಗೇ ಹೇಳುತ್ತೇನೆ.